ಕಲ್ಯಾಣದ ಲೆಕ್ಕ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೂ, ಮುಂದೆ ಕುಳಿತಿರುವ ಶರಣ ಶರಣೆಯರಿಗೂ, ಹಿಂದೆ ದಾಸೋಹದ ಮನೆಯಲ್ಲಿ ಒಲೆಯ ಮುಂದಿದ್ದು ನನ್ನ ಮಾತು ಅರ್ಧಂಬರ್ಧ ಕೇಳಿಸಿಕೊಳ್ಳುತ್ತಿರುವ ತಾಯಂದಿರಿಗೂ ಶರಣು ಶರಣಾರ್ಥಿಗಳು.

ಇವತ್ತು ನನಗೆ ಕೊಟ್ಟಿರುವ ವಿಷಯ "ಸಮಾಜ ವಿಜ್ಞಾನದ ಸಂಶೋಧನೆಗಳು ಮತ್ತು ಶರಣ ಸಮಾಜ". ವಿಷಯ ಕೇಳಿ ಕೆಲವರಿಗೆ ಇದು ಕಾಲೇಜಿನ ಪಾಠ, ಮಠದಲ್ಲಿ ಏಕೆ ಎನಿಸಿರಬಹುದು. ಅನುಭಾವದ ಮಾತು ಆಡುವ ಜಾಗದಲ್ಲಿ ಅಂಕಿ ಅಂಶ ಹೇಳುವುದು ಸರಿಯೇ ಎಂಬ ಸಂಕೋಚ ನನಗೂ ಇತ್ತು. ಆಮೇಲೆ ನೆನಪಾಯಿತು, ನಮ್ಮ ಧರ್ಮದ ಗುರುವೇ ಲೆಕ್ಕದ ಮನುಷ್ಯ. ಬಸವಣ್ಣನವರು ಕರಣಿಕರಾಗಿ ಕೆಲಸಕ್ಕೆ ಸೇರಿ, ಬಿಜ್ಜಳನ ಭಂಡಾರಿಗಳಾದವರು. ಭಂಡಾರದ ಹಣವನ್ನೆಲ್ಲ ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಆಗದವರು ಚಾಡಿ ಹೇಳಿದಾಗ ಬಿಜ್ಜಳ ಬೊಕ್ಕಸವನ್ನು ತೆಗೆಸಿ ಎಣಿಸಿದ, ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂಬ ಕಥೆ ನಮ್ಮ ಪುರಾಣ ಕಾವ್ಯಗಳಲ್ಲಿ ಬರುತ್ತದೆ. ಪವಾಡ ಎಂದು ಅದನ್ನು ಓದುವವರು ಓದಲಿ. ನನಗೆ ಅದರಲ್ಲಿ ಕಾಣುವುದು ಲೆಕ್ಕ ಕೇಳಿದಾಗ ಹೆದರದೆ ಬಾಗಿಲು ತೆರೆದು ನಿಂತ ಒಬ್ಬ ಮನುಷ್ಯ. ಇವತ್ತು ನಮ್ಮ ಸಮಾಜದ ಬೊಕ್ಕಸವನ್ನು ಯಾರಾದರೂ ಎಣಿಸುತ್ತೇನೆಂದರೆ ನಾವು ಹಾಗೆ ನಿಲ್ಲಬಲ್ಲೆವೇ? ಇದೇ ನನ್ನ ಮಾತಿನ ತಿರುಳು.

ಒಂದು ಸಣ್ಣ ಪ್ರಸಂಗದಿಂದ ಶುರು ಮಾಡುತ್ತೇನೆ. ನಾನು ಸಮಾಜಶಾಸ್ತ್ರದ ಮೇಷ್ಟ್ರಾಗಿದ್ದವನು. ಬಹಳ ವರ್ಷದ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಯಲುಸೀಮೆಯ ಒಂದು ಹಳ್ಳಿಗೆ ಸಮೀಕ್ಷೆಗೆ ಹೋಗಿದ್ದೆ. ಒಂದು ಮನೆಯಲ್ಲಿ ನಾನು ಕಟ್ಟೆಯ ಮೇಲೆ ಯಜಮಾನರ ಹತ್ತಿರ ಕುಳಿತೆ, ನನ್ನ ವಿದ್ಯಾರ್ಥಿನಿಯೊಬ್ಬಳು ಒಳಗೆ ಸೊಸೆಯ ಹತ್ತಿರ ಹೋದಳು. ಇಬ್ಬರ ಕೈಯಲ್ಲೂ ಅದೇ ಪ್ರಶ್ನಾವಳಿ. ಮನೆಯಲ್ಲಿ ಊಟ ಯಾವ ಕ್ರಮದಲ್ಲಿ ಆಗುತ್ತದೆ ಎಂಬುದು ಅದರಲ್ಲಿದ್ದ ಒಂದು ಪ್ರಶ್ನೆ. ಯಜಮಾನರು ವಿಭೂತಿ ಧರಿಸಿದ್ದ ಸಾತ್ವಿಕರು. "ನಮ್ಮ ಮನ್ಯಾಗ ಎಲ್ಲಾರೂ ಕೂಡೇ ಉಣ್ತೀವ್ರೀ ಸರ, ಭೇದ ಇಲ್ಲ" ಅಂದರು. ನಾನು ಬರೆದುಕೊಂಡೆ. ರಾತ್ರಿ ಶಾಲೆಯ ಪಡಸಾಲೆಯಲ್ಲಿ ಕಾಗದಗಳನ್ನು ಜೋಡಿಸುವಾಗ ಅದೇ ಮನೆಯ ಇನ್ನೊಂದು ಉತ್ತರ ಸಿಕ್ಕಿತು. ಸೊಸೆ ಪ್ರಶ್ನೆ ಕೇಳಿ ನಕ್ಕಿದ್ದಳಂತೆ. "ಮಾಡಾಕಿ ಕಡೀಗೇ ಉಣ್ಣೂದು ಅಲ್ಲೇನವಾ, ಇದೇನ್ ಕೇಳ್ತಿ?"

ಆ ಹಿರಿಯರು ಸುಳ್ಳು ಹೇಳಿರಲಿಲ್ಲ. ಅವರ ಕಣ್ಣಿಗೆ ಎಲ್ಲರೂ ಕೂಡೇ ಉಣ್ಣುತ್ತಿದ್ದರು. ಬಡಿಸುವವಳು ಆ 'ಎಲ್ಲರೂ' ಒಳಗೆ ಸೇರಿರಲಿಲ್ಲ, ಅಷ್ಟೇ. ನಾನೂ ಕಟ್ಟೆಯ ಮೇಲಿನ ಉತ್ತರವನ್ನಷ್ಟೇ ತಂದಿದ್ದರೆ ಆ ಮನೆಯಲ್ಲಿ ಸಮಾನತೆ ಇದೆ ಎಂದೇ ವರದಿ ಬರೆಯುತ್ತಿದ್ದೆ. ಆವತ್ತಿನಿಂದ ಯಾರಾದರೂ 'ಎಲ್ಲರೂ' ಅಂದರೆ, ಯಾರು ಯಾರು ಎಂದು ಕೇಳುವ ಅಭ್ಯಾಸ ನನಗಾಯಿತು. ಸಮಾಜ ವಿಜ್ಞಾನ ಎಂದರೆ ಬಹುಮಟ್ಟಿಗೆ ಇಷ್ಟೇ. 'ಎಲ್ಲರೂ' ಎಂಬ ಮಾತನ್ನು ಬಿಡಿಸಿ ನೋಡುವ ವಿದ್ಯೆ ಅದು.

ಈಗ ಕಲ್ಯಾಣ ಎಂಬ ಮಾತಿಗೆ ಬರೋಣ. ನಮಗೆ ಕಲ್ಯಾಣ ಎಂದರೆ ಊರೂ ಹೌದು, ಒಳಿತು ಎಂಬ ಅರ್ಥವೂ ಹೌದು. ಒಂದು ನಾಡು ಒಳಿತಾಗಿದೆಯೇ ಎಂದು ತಿಳಿಯಲು ಹಿಂದೆ ಅರ್ಥಶಾಸ್ತ್ರಜ್ಞರು ಆದಾಯವನ್ನು ಮಾತ್ರ ನೋಡುತ್ತಿದ್ದರು. ಒಟ್ಟು ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ ಸಿಗುತ್ತದೆ, ಅದು ಏರಿದರೆ ನಾಡು ಏರಿದಂತೆ. ಸಾಹುಕಾರನ ಒಂದು ಕೋಟಿಯನ್ನೂ ಕೂಲಿಯವನ ಬರಿಗೈಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಇಬ್ಬರೂ ಐವತ್ತು ಲಕ್ಷದ ಒಡೆಯರಾಗುತ್ತಾರೆ. ಸರಾಸರಿಯ ಮಹಿಮೆ ಇದು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಮತ್ತು ನಮ್ಮ ಅಮರ್ತ್ಯ ಸೇನ್ ಅವರಂಥವರು ಇದನ್ನು ಒಪ್ಪಲಿಲ್ಲ. ಮನುಷ್ಯ ಎಷ್ಟು ಕಾಲ ಆರೋಗ್ಯವಾಗಿ ಬದುಕುತ್ತಾನೆ, ಎಷ್ಟು ಓದುತ್ತಾನೆ, ಮರ್ಯಾದೆಯಿಂದ ಬಾಳಲು ಅವನ ಕೈಗೆ ಎಷ್ಟು ಬರುತ್ತದೆ, ಈ ಮೂರನ್ನೂ ಸೇರಿಸಿ ನೋಡಬೇಕು ಎಂದರು. 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹೊರತಂದ ಮಾನವ ಅಭಿವೃದ್ಧಿ ವರದಿ ಈ ವಿಚಾರದಿಂದ ಹುಟ್ಟಿದ್ದು. ನಮ್ಮ ಕರ್ನಾಟಕವೂ 1999ರಲ್ಲಿ ಒಮ್ಮೆ, 2005ರಲ್ಲಿ ಇನ್ನೊಮ್ಮೆ ತನ್ನದೇ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು.

ಇದಕ್ಕಿಂತಲೂ ನಮಗೆ ಹತ್ತಿರದ ಇನ್ನೊಂದು ವರದಿ ಇದೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಲು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಿ, 2002ರಲ್ಲಿ ವರದಿ ಬಂತು. ಅವರು ಜಿಲ್ಲೆಯನ್ನು ನೋಡಲಿಲ್ಲ, ತಾಲ್ಲೂಕಿಗೆ ಇಳಿದರು. ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ ಹೀಗೆ 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನೂ ಅಳೆದರು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡರೆ 114 ತಾಲ್ಲೂಕುಗಳು ಅದಕ್ಕಿಂತ ಕೆಳಗೆ ಬಿದ್ದವು. ಅವುಗಳಲ್ಲಿ 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗವೊಂದರಲ್ಲೇ ಇದ್ದವು.

ಆ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ಊಟ ಸೇರಲಿಲ್ಲ. ಏಕೆಂದರೆ ಅದರಲ್ಲಿ ಬಸವಕಲ್ಯಾಣ ಇತ್ತು. ಐದಕ್ಕಿ ಲಕ್ಕಮ್ಮ ಮಾರಯ್ಯನವರ ಅಮರೇಶ್ವರ ಇರುವ ಲಿಂಗಸುಗೂರು ಇತ್ತು. ದೇವರ ದಾಸಿಮಯ್ಯನವರ ಮುದನೂರು ಸೇರಿದ್ದ ಸುರಪುರ ಇತ್ತು. ಪಕ್ಕದ ಭಾಲ್ಕಿ, ಹುಮನಾಬಾದ್, ಔರಾದ್, ಆಳಂದ ಎಲ್ಲವೂ ಇದ್ದವು. ಕಾಯಕ ದಾಸೋಹದ ತತ್ವ ಹುಟ್ಟಿದ ನೆಲವೇ, ಎಂಟು ನೂರು ವರ್ಷ ದಾಟಿದ ಮೇಲೆ, ನಾಡಿನ ಲೆಕ್ಕದಲ್ಲಿ ಕೊನೆಯ ಪಂಕ್ತಿಯಲ್ಲಿ ಕುಳಿತಿತ್ತು.

ಇದಕ್ಕೆ ಕಾರಣಗಳಿವೆ. ನಿಜಾಮರ ಆಳ್ವಿಕೆಯಲ್ಲಿ ಆ ಭಾಗಕ್ಕೆ ಶಾಲೆಗಳು ತಡವಾಗಿ ಬಂದವು. ಮಳೆ ನೆಚ್ಚಿದ ಬೇಸಾಯ. ರಾಜಧಾನಿ ದೂರ. ಈ ಲೆಕ್ಕದ ಬಲದ ಮೇಲೆಯೇ ಜನ ಹೋರಾಟ ಮಾಡಿದರು. ಸಂವಿಧಾನಕ್ಕೆ 98ನೆಯ ತಿದ್ದುಪಡಿ ಆಗಿ 371(ಜೆ) ವಿಧಿ ಬಂತು, 2013ರಿಂದ ಉದ್ಯೋಗ ಮತ್ತು ಶಿಕ್ಷಣದಲ್ಲಿ ಆ ಭಾಗದವರಿಗೆ ಮೀಸಲು ಸಿಕ್ಕಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಬರಿ ಕೂಗಿಗೆ ಅಷ್ಟು ತೂಕ ಇರುತ್ತಿರಲಿಲ್ಲ. ತಾಲ್ಲೂಕಿನ ಹೆಸರು ಹಿಡಿದು, ಇಷ್ಟು ಶಾಲೆ ಇಲ್ಲ, ಇಷ್ಟು ಹಾಸಿಗೆ ಇಲ್ಲ ಎಂದು ತೋರಿಸಿದ್ದಕ್ಕೆ ತೂಕ ಬಂತು. ಲೆಕ್ಕ ಬಡವರ ಕೈಯ ಕೋಲಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಸರ್ಕಾರವನ್ನು ಕೇಳುವುದು ಸುಲಭ. ನಮ್ಮನ್ನು ನಾವು ಕೇಳಿಕೊಳ್ಳುವುದು ಕಷ್ಟ. ಆ ಕಷ್ಟದ ಕಡೆಗೆ ಈಗ ಹೋಗೋಣ. ಆಸ್ತಿ, ಅಧಿಕಾರ, ಮನೆಯ ಬಾಳು ಈ ಮೂರು ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತೇನೆ.

ಮೊದಲನೆಯದು ಆಸ್ತಿ. ಶರಣರು ಹೆಂಗಸಿಗೆ ಇಷ್ಟಲಿಂಗ ಕೊಟ್ಟರು. ಅಂಗದ ಮೇಲೆ ಲಿಂಗ ಬಂದ ಮೇಲೆ ಹೆಣ್ಣು ಗಂಡು ಭೇದವಿಲ್ಲ ಎಂದು ನಾವು ಎಲ್ಲ ವೇದಿಕೆಯಲ್ಲೂ ಹೇಳುತ್ತೇವೆ. ಲಿಂಗ ಕೊಟ್ಟಿದ್ದೇವೆ, ಉತಾರದಲ್ಲಿ ಹೆಸರು ಕೊಟ್ಟಿದ್ದೇವೆಯೇ? 2015-16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿರುವುದು ನೂರಕ್ಕೆ ಸುಮಾರು 14. ಕಳೆ ತೆಗೆಯುವವರು ಯಾರು, ಬಿತ್ತನೆಗೆ ಬಗ್ಗುವವರು ಯಾರು ಎಂದು ನಿಮಗೆ ಹೇಳಬೇಕಾಗಿಲ್ಲ.

ಕಾನೂನು ಇಲ್ಲವೆಂದಲ್ಲ. 2005ರಲ್ಲಿ ದೇಶದ ಕಾನೂನು ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವುದಕ್ಕೂ ಮೊದಲೇ, 1994ರಲ್ಲಿ ಕರ್ನಾಟಕ ತನ್ನ ತಿದ್ದುಪಡಿಯಿಂದ ಕೊಟ್ಟಿತ್ತು, ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟು. ಅದೇ ವರ್ಷ ಮಹಾರಾಷ್ಟ್ರದಲ್ಲೂ ಹೀಗೆಯೇ ಆಯಿತು. ಕ್ಲೌಸ್ ಡೈನಿಂಗರ್, ಅಪರಾಜಿತಾ ಗೋಯಲ್, ಹರಿ ನಾಗರಾಜನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಈ ಎರಡು ರಾಜ್ಯಗಳ ಗ್ರಾಮೀಣ ಕುಟುಂಬಗಳ ಮಾಹಿತಿ ಹಿಡಿದು ಒಂದು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಅವರ ಉಪಾಯ ಸರಳ. ತಿದ್ದುಪಡಿಗೆ ಮೊದಲು ತಂದೆ ತೀರಿಕೊಂಡ ಮನೆಗಳು ಒಂದು ಕಡೆ, ಆಮೇಲೆ ತೀರಿಕೊಂಡ ಮನೆಗಳು ಇನ್ನೊಂದು ಕಡೆ. ಎರಡರಲ್ಲೂ ಅಣ್ಣತಮ್ಮಂದಿರಿಗೆ ಏನು ಬಂತು, ಅಕ್ಕತಂಗಿಯರಿಗೆ ಏನು ಬಂತು ಎಂದು ಹೋಲಿಸುವುದು. ಕಾನೂನು ಬಂದ ಮೇಲೆ ಮಗಳಿಗೆ ಭೂಮಿ ಬರುವ ಸಂಭವ ನೂರರಲ್ಲಿ ಸುಮಾರು 15 ಅಂಶದಷ್ಟು ಏರಿತ್ತು. ಗಂಡುಮಕ್ಕಳ ಸಮಕ್ಕೆ ಬಂದಿರಲಿಲ್ಲ, ಆದರೂ ಏರಿತ್ತು. ಜೊತೆಗೆ ಹೆಣ್ಣುಮಕ್ಕಳ ಓದು ಹೆಚ್ಚಿತ್ತು, ಮದುವೆಯ ವಯಸ್ಸು ಮುಂದಕ್ಕೆ ಹೋಗಿತ್ತು. ಅಂದರೆ ಮಗಳಿಗೆ ಪಾಲು ಉಂಟು ಎಂದು ಮನೆಯಲ್ಲಿ ಗೊತ್ತಾದ ಕೂಡಲೇ ಅವಳನ್ನು ನೋಡುವ ದೃಷ್ಟಿಯೂ ಬದಲಾಯಿಸಿತ್ತು.

ಭೂಮಿ, ಮನೆ ಇದ್ದರೆ ಆಗುವ ಇನ್ನೊಂದು ಉಪಕಾರವನ್ನು ಕೇರಳದ ಅಧ್ಯಯನವೊಂದು ತೋರಿಸಿದೆ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ತಿರುವನಂತಪುರ ಜಿಲ್ಲೆಯ ವಿವಾಹಿತ ಮಹಿಳೆಯರನ್ನು ಮಾತನಾಡಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಭೂಮಿಯೂ ಇಲ್ಲದ ಮನೆಯೂ ಇಲ್ಲದ ಮಹಿಳೆಯರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಹೊಡೆತ ತಿಂದಿದ್ದರು. ಎರಡೂ ತಮ್ಮ ಹೆಸರಿನಲ್ಲಿದ್ದವರಲ್ಲಿ ಅದು ನೂರಕ್ಕೆ 7. ಹೋಗಲು ಒಂದು ಸೂರು ಇದೆ ಎಂಬುದು ಅವಳಿಗೂ ಗೊತ್ತು, ಹೊಡೆಯಲು ಎತ್ತಿದ ಕೈಗೂ ಗೊತ್ತು.

ನಮ್ಮಲ್ಲಿ ಏನು ನಡೆಯುತ್ತದೆ? ತಂದೆ ಹೋದ ಮೇಲೆ ಅಣ್ಣ ತಂಗಿಯನ್ನು ತವರಿಗೆ ಕರೆಸುತ್ತಾನೆ. ಸೀರೆ ಉಡಿಸುತ್ತಾರೆ, ಉಡಿ ತುಂಬುತ್ತಾರೆ, ಹೋಳಿಗೆ ಊಟ ಆಗುತ್ತದೆ. ಮಾರನೆಯ ದಿನ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೋ ಸಹಿಯೋ ಬೀಳುತ್ತದೆ. ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ. ಆ ಅಣ್ಣ ಪ್ರತಿ ಬಸವ ಜಯಂತಿಗೆ ಮೆರವಣಿಗೆಯ ಮುಂದೆ ಇರುವವನೇ ಆಗಿರಬಹುದು. ನಾನು ಯಾರನ್ನೂ ಬೊಟ್ಟು ಮಾಡುತ್ತಿಲ್ಲ. ನನ್ನ ಅಕ್ಕನೂ ಅಂಥದೊಂದು ಪತ್ರಕ್ಕೆ ಸಹಿ ಮಾಡಿದವಳು, ಸಾಕ್ಷಿಯ ಜಾಗದಲ್ಲಿ ನಿಂತವನು ನಾನು. ಆಗ ನನಗೆ ಅದು ತಪ್ಪೆನಿಸಲಿಲ್ಲ. ಅವಳು ಇವತ್ತಿಗೂ ಆ ಮಾತು ಎತ್ತಿಲ್ಲ. ಎತ್ತದಿರುವುದೇ ನನಗೆ ಭಾರವಾಗಿದೆ.

ಐದಕ್ಕಿ ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೆ ಹಾಕಲಿಲ್ಲ, ಮೊದಲಿದ್ದಲ್ಲಿಗೇ ಸುರಿದು ಬನ್ನಿ ಎಂದರು. ಆ ಕಥೆ ನಮಗೆಲ್ಲ ಬಾಯಿಪಾಠ. ತಂಗಿಯ ಪಾಲು ನಮ್ಮ ಕಣಜದಲ್ಲಿದ್ದರೆ ಅದು ಆ ಹೆಚ್ಚಿನ ಅಕ್ಕಿಯೇ ಅಲ್ಲವೇ?

ಎರಡನೆಯದು ಅಧಿಕಾರ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಧ್ಯಕ್ಷರಾಗಿದ್ದರು, ಅಕ್ಕಮಹಾದೇವಿ ಎದುರು ನಿಂತು ಉತ್ತರ ಕೊಟ್ಟರು. ಇದನ್ನು ನಾವು ಪ್ರಪಂಚದ ಮೊದಲ ಸಂಸತ್ತು ಎಂದು ಹೆಮ್ಮೆಪಡುತ್ತೇವೆ. ಹೆಂಗಸರು ಅಧಿಕಾರದ ಜಾಗದಲ್ಲಿ ಕುಳಿತರೆ ನಿಜವಾಗಿ ಏನಾದರೂ ಬದಲಾಗುತ್ತದೆಯೇ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಕರ್ನಾಟಕ ಈ ದಾರಿಯಲ್ಲಿ ಮುಂದಿತ್ತು. 1983ರ ಕಾನೂನಿನಲ್ಲೇ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಇಟ್ಟು, 1987ರಲ್ಲಿ ಚುನಾವಣೆ ನಡೆಸಿತು. ಸಂವಿಧಾನದ 73ನೆಯ ತಿದ್ದುಪಡಿ ದೇಶಕ್ಕೆಲ್ಲ ಮೂರನೆಯ ಒಂದು ಭಾಗ ತಂದದ್ದು ಅದರ ನಂತರ. ಈಗ ನಮ್ಮಲ್ಲಿ ಅರ್ಧ ಸ್ಥಾನ ಮಹಿಳೆಯರದು.

ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಯಾವ ಪಂಚಾಯಿತಿಯ ಅಧ್ಯಕ್ಷಗಿರಿ ಮಹಿಳೆಗೆ ಎಂಬುದು ಸರದಿಯ ಪ್ರಕಾರ, ಯಾರ ಇಷ್ಟಾನಿಷ್ಟವೂ ಇಲ್ಲದೆ, ಚೀಟಿ ಎತ್ತಿದ ಹಾಗೆ ಗೊತ್ತಾಗುತ್ತಿತ್ತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅದನ್ನೇ ಬಳಸಿಕೊಂಡು ಮಹಿಳಾ ಅಧ್ಯಕ್ಷರಿರುವ ಹಳ್ಳಿಗಳನ್ನು ಉಳಿದವುಗಳ ಜೊತೆ ಹೋಲಿಸಿದರು. 2004ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ಹೆಂಗಸರು ಪಂಚಾಯಿತಿಗೆ ಬಂದು ಯಾವ ದೂರು ಹೆಚ್ಚು ಹೇಳುತ್ತಿದ್ದರೋ ಆ ಕೆಲಸಕ್ಕೆ ಮಹಿಳಾ ಅಧ್ಯಕ್ಷರು ಹೆಚ್ಚು ಹಣ ಹಾಕಿದ್ದರು. ಎರಡೂ ರಾಜ್ಯಗಳಲ್ಲಿ ಆ ದೂರು ಕುಡಿಯುವ ನೀರಿನದು. ಕೊಡ ಹೊತ್ತವರಿಗೆ ನೀರಿನ ದೂರ ಗೊತ್ತು. ಎಂಟು ವರ್ಷ ಬಿಟ್ಟು 2012ರಲ್ಲಿ ಡುಫ್ಲೊ ಮತ್ತು ಇತರರು ಬಂಗಾಳದ ಬೀರಭೂಮ್ ಜಿಲ್ಲೆಯಿಂದ ಇನ್ನೊಂದು ಸುದ್ದಿ ತಂದರು. ಎರಡು ಸಲ ಮಹಿಳಾ ಅಧ್ಯಕ್ಷತೆ ಕಂಡ ಹಳ್ಳಿಗಳಲ್ಲಿ ತಂದೆತಾಯಿ ಮಗನ ಬಗ್ಗೆ ಇಟ್ಟುಕೊಂಡ ಆಸೆಗೂ ಮಗಳ ಬಗ್ಗೆ ಇಟ್ಟುಕೊಂಡ ಆಸೆಗೂ ಇದ್ದ ಅಂತರ ನೂರಕ್ಕೆ 25ರಷ್ಟು ಕಡಿಮೆಯಾಗಿತ್ತು. ಹುಡುಗ ಹುಡುಗಿಯರ ಓದಿನ ಅಂತರ ಅಳಿಸಿಯೇ ಹೋಗಿತ್ತು. ಅದಕ್ಕಾಗಿ ಯಾರೂ ಹೊಸ ಶಾಲೆ ಕಟ್ಟಿಸಿರಲಿಲ್ಲ. ಊರ ಹುಡುಗಿ ಒಬ್ಬ ಹೆಂಗಸು ಕುರ್ಚಿಯಲ್ಲಿ ಕುಳಿತು ಮಾತನಾಡುವುದನ್ನು ಕಣ್ಣಾರೆ ಕಂಡಿದ್ದಳು.

ಈ ಸುದ್ದಿ ಕೇಳಿ ನಾವು ಎರಡು ಕೆಲಸ ಮಾಡಬೇಕು. ಮೊದಲನೆಯದು, ಪಂಚಾಯಿತಿಯಲ್ಲಿ ಗೆದ್ದ ನಮ್ಮ ಹೆಣ್ಣುಮಗಳ ಬದಲಿಗೆ ಗಂಡನೋ ಮಾವನೋ ಹೋಗಿ ಕುಳಿತುಕೊಳ್ಳುವುದನ್ನು ನಿಲ್ಲಿಸಬೇಕು. ಎರಡನೆಯದು, ನಮ್ಮ ಸಂಘ ಸಂಸ್ಥೆಗಳ ಆಡಳಿತ ಮಂಡಳಿಗಳನ್ನೇ ನೋಡಬೇಕು. ಆಮಂತ್ರಣ ಪತ್ರಿಕೆಗಳನ್ನು ಒಮ್ಮೆ ತೆಗೆದು ಎಣಿಸಿ. ಪ್ರಾರ್ಥನೆ ಹಾಡುವವರ ಸಾಲು ಬಿಟ್ಟು ಉಳಿದ ಸಾಲುಗಳಲ್ಲಿ ಎಷ್ಟು ಶರಣೆಯರ ಹೆಸರಿದೆ? ಇದಕ್ಕೆ ಸಮಾಜ ವಿಜ್ಞಾನಿಯೂ ಬೇಡ, ಒಂದು ಪೆನ್ಸಿಲ್ ಸಾಕು.

ಮೂರನೆಯದು ಮನೆಯ ಬಾಳು. 2019-20ರ ಸುಮಾರಿಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕರ್ನಾಟಕದ ಅಂಕಿಗಳನ್ನು ಹೇಳುತ್ತೇನೆ. 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲೂ ಇದು ಹೆಚ್ಚು ಕಡಿಮೆ ಅಷ್ಟೇ ಇತ್ತು, ಕೆಳಗಿಳಿದಿಲ್ಲ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಹಿಂದಿನ ಸಲ ಅದು 45ರ ಹತ್ತಿರ ಇತ್ತು, ಈಗ ಏರಿದೆ. ಗಂಡಸರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ರಕ್ತಹೀನತೆಗೆ ಕಾರಣ ಹಲವು. ಮುಟ್ಟು, ಹೆರಿಗೆ, ಜಂತುಹುಳು, ಕಬ್ಬಿಣದ ಅಂಶ ಸಾಲದ ಆಹಾರ ಎಲ್ಲವೂ ಸೇರುತ್ತವೆ. ಆದರೂ ನನಗೆ ಆ ಸೊಸೆಯ ನಗು ನೆನಪಾಗದೆ ಇರುವುದಿಲ್ಲ. ಕೊನೆಗೆ ಉಣ್ಣುವವಳ ತಟ್ಟೆಗೆ ಪಲ್ಯದ ತಳ ಬರುತ್ತದೆ, ಮೊಳಕೆ ಕಾಳು ಬರುವುದಿಲ್ಲ. ಇಲ್ಲಿ ಮಠದಲ್ಲಿ ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಪ್ರಸಾದ ನೀಡುತ್ತೇವೆ. ಅದು ಸಣ್ಣ ಸಾಧನೆಯಲ್ಲ, ಅದಕ್ಕಾಗಿ ನಮ್ಮ ಹಿರಿಯರು ಬಹಿಷ್ಕಾರ ಅನುಭವಿಸಿದ್ದಾರೆ. ಆ ಪಂಕ್ತಿ ನಮ್ಮ ಅಡುಗೆಮನೆಯ ಹೊಸ್ತಿಲವರೆಗೆ ಬಂದು ನಿಂತುಬಿಟ್ಟಿದೆ.

ಮನೆಯ ಮಾತಿನಲ್ಲೇ ಮದುವೆಯ ಮಾತೂ ಬರುತ್ತದೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗಾಗಿ ಕಲ್ಯಾಣವೇ ಹೊತ್ತಿ ಉರಿಯಿತು. ಆನೆಯ ಕಾಲಿಗೆ ಕಟ್ಟಿಸಿಕೊಂಡವರ ವಾರಸುದಾರರು ನಾವು. ದೇಶದ 40 ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಮಾತನಾಡಿಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ, 2011-12ರ ಹೊತ್ತಿಗೆ, ಬೇರೆ ಜಾತಿಯವರನ್ನು ಮದುವೆಯಾಗಿದ್ದೇವೆ ಎಂದ ಹೆಂಗಸರು ನೂರಕ್ಕೆ ಸುಮಾರು 5. ಇದು ದೇಶದ ಅಂಕಿ. ನಮ್ಮ ಅಂಕಿ ಎಷ್ಟೆಂದು ಹೇಳಲು ವಧೂವರರ ಜಾಹೀರಾತುಗಳನ್ನು ಓದಿದರೆ ಸಾಕು. ಲಿಂಗಾಯತ ಎಂದು ಬರೆದು, ಪಕ್ಕದಲ್ಲಿ ಒಳಪಂಗಡ ಬರೆದು, ಅದೇ ಒಳಪಂಗಡದವರು ಮಾತ್ರ ಸಂಪರ್ಕಿಸಿ ಎಂದೂ ಬರೆದಿರುತ್ತಾರೆ.

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಎದ್ದಿರುವ ಮಾತು ನನಗೆ ಗೊತ್ತು. "ಇದೆಲ್ಲ ರಾಜ್ಯದ ಲೆಕ್ಕ, ದೇಶದ ಲೆಕ್ಕ. ನಮ್ಮ ಸಮಾಜ ಮುಂದುವರಿದದ್ದು. ಮಠಗಳು ಎಷ್ಟು ಶಾಲೆ ತೆರೆದಿವೆ, ಎಷ್ಟು ಪ್ರಸಾದ ನಿಲಯ ನಡೆಸಿವೆ!" ನಿಜ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಸಿದ್ಧಗಂಗೆಯಂಥ ಮಠಗಳ ಅನ್ನ ಉಂಡು ಓದಿದವರು ನಾಡಿನ ತುಂಬ ಇದ್ದಾರೆ, ನಾನೂ ಒಂದು ಪ್ರಸಾದ ನಿಲಯದ ಅನ್ನದ ಋಣದವನೇ. ಆದರೆ ಎಂ.ಎನ್. ಶ್ರೀನಿವಾಸ್ ಅವರು 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಕೊಟ್ಟ ಮೇಲೆ ಕರ್ನಾಟಕದಲ್ಲಿ ಅದಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುವ ಹೆಸರುಗಳಲ್ಲಿ ನಮ್ಮದೂ ಒಂದಾಯಿತು. ಆ ಹೆಸರು ನಮಗೆ ಒಂದು ರೀತಿಯ ಹೆಮ್ಮೆ ತಂದಿತು, ಒಂದು ರೀತಿಯ ಕುರುಡನ್ನೂ ತಂದಿತು. ನೂರು ಎಕರೆ ಕಬ್ಬಿನ ಧಣಿಯೂ ಲಿಂಗಾಯತ, ಸಾಲಕ್ಕೆ ಹೆದರಿ ಹೊಲದ ಬೇವಿನ ಮರ ಹುಡುಕುವ ಒಣಬೇಸಾಯದ ರೈತನೂ ಲಿಂಗಾಯತ. ಕಾಯಕದ ಹೆಸರಿನಲ್ಲಿ ಗುರುತಿಸಿಕೊಂಡ ಎಷ್ಟೋ ಸಣ್ಣ ಪಂಗಡಗಳ ಮನೆಗಳಲ್ಲಿ ಪದವಿ ತನಕ ಓದಿದ ಒಬ್ಬ ಹುಡುಗಿ ಇಲ್ಲ. 'ನಮ್ಮ ಸಮಾಜ ಮುಂದುವರಿದಿದೆ' ಎಂಬುದು ಆ ಯಜಮಾನರ 'ಎಲ್ಲಾರೂ ಕೂಡೇ ಉಣ್ತೀವಿ' ಎಂಬ ಮಾತಿನಂತೆಯೇ. ಹೇಳುವವರು ಪ್ರಾಮಾಣಿಕರು, ಎಣಿಕೆ ಮಾತ್ರ ಅಪೂರ್ಣ.

ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಗಣತಿ ಬಂದಾಗಲೆಲ್ಲ ಯಾವ ಕಾಲಂನಲ್ಲಿ ಏನು ಬರೆಸಬೇಕು ಎಂದು ನಾವು ಸಭೆ ಮಾಡುತ್ತೇವೆ, ಕರಪತ್ರ ಹಂಚುತ್ತೇವೆ. ಅದು ಬೇಕು, ಬೇಡವೆನ್ನುವುದಿಲ್ಲ. ಆದರೆ ನಾವು ಎಷ್ಟು ಮಂದಿ ಇದ್ದೇವೆ ಎಂಬ ಲೆಕ್ಕಕ್ಕೆ ತೋರುವ ಕಾಳಜಿಯಲ್ಲಿ ನೂರರಲ್ಲಿ ಹತ್ತು ಪಾಲನ್ನಾದರೂ ನಾವು ಹೇಗಿದ್ದೇವೆ ಎಂಬ ಲೆಕ್ಕಕ್ಕೆ ತೋರಿದ್ದೇವೆಯೇ?

ಹಾಗಾದರೆ ಏನು ಮಾಡೋಣ? ನನ್ನದು ಒಂದು ಸಣ್ಣ ಬಿನ್ನಹ. ಪ್ರತಿ ಶಾಖೆಯವರು, ಅಕ್ಕನ ಬಳಗದ ತಾಯಂದಿರನ್ನು ಮುಂದಿಟ್ಟುಕೊಂಡು, ತಮ್ಮ ಊರಿನ ಮನೆಗಳಿಗೆ ಹೋಗಿ ನಾಲ್ಕೇ ಪ್ರಶ್ನೆ ಕೇಳಲಿ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಹೊಲ, ಮನೆಯ ಉತಾರದಲ್ಲಿ ಯಾವ ಹೆಣ್ಣುಮಗಳ ಹೆಸರಿದೆ? ಮಗಳು ಎಷ್ಟನೆಯ ತರಗತಿಗೆ ಓದು ಬಿಟ್ಟಳು, ಎಷ್ಟನೆಯ ವರ್ಷಕ್ಕೆ ಮದುವೆ ಆಯಿತು? ಹೊರಗಿನ ಪಂಗಡದಿಂದ ಹೆಣ್ಣು ತಂದದ್ದು, ಹೊರಗೆ ಕೊಟ್ಟದ್ದು ಉಂಟೇ? ಇಷ್ಟೇ.

ಕೇಳುವಾಗ ಕೆಲವು ನೇಮಗಳಿರಲಿ. ಯಜಮಾನರನ್ನು ಕಟ್ಟೆಯ ಮೇಲೆ ಕೇಳಿದರೆ ಒಳಗಿನವರನ್ನು ಬೇರೆಯಾಗಿ ಕೇಳಬೇಕು, ಹೆಂಗಸರನ್ನು ಹೆಂಗಸರೇ ಕೇಳಬೇಕು. ನಮ್ಮವರ ಮನೆ ಎಂದು ಆರಿಸಿಕೊಂಡು ಹೋಗದೆ ಊರಿನ ಎಲ್ಲ ಓಣಿಗಳಿಗೂ ಹೋಗಬೇಕು. ದಲಿತರ ಕೇರಿ ಬಿಟ್ಟು ಮಾಡಿದ ಲೆಕ್ಕ ಶರಣರ ಲೆಕ್ಕ ಆಗುವುದಿಲ್ಲ. ಕಾಗದದ ಮೇಲೆ ಮನೆಯ ಹೆಸರು ಬರೆಯಬಾರದು, ಯಾರ ಮನೆಯ ಮಾತೂ ಬೀದಿಗೆ ಬರಬಾರದು. ಒಬ್ಬರನ್ನು ನಾಚಿಸಲು ಎತ್ತಿದ ಲೆಕ್ಕ ಎರಡನೆಯ ಮನೆಯಲ್ಲೇ ಸುಳ್ಳಾಗುತ್ತದೆ. ಬಂದ ಉತ್ತರವನ್ನು ಕೂಡಿಸಿ, ಗೋಷ್ಠಿಯ ದಿನ ಊರಿಗೇ ಓದಿ ಹೇಳಬೇಕು. ಮೂರು ವರ್ಷ ಬಿಟ್ಟು ಅದೇ ನಾಲ್ಕು ಪ್ರಶ್ನೆ ಮತ್ತೆ ಕೇಳಬೇಕು, ಬದಲಾಯಿತೋ ಇಲ್ಲವೋ ಆಗ ತಿಳಿಯುತ್ತದೆ. ನಮ್ಮ ಪ್ರಸಾದ ನಿಲಯಗಳಲ್ಲಿ ಓದುತ್ತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಾಯಕ ಯಾವುದು?

ಅಂಕಿಗಳಿಂದ ಎಲ್ಲವೂ ಗೊತ್ತಾಗುತ್ತದೆ ಎಂದು ನಾನು ಹೇಳಲಾರೆ. ಲಿಂಗಪೂಜೆಯಲ್ಲಿ ಸಿಗುವ ಸಮಾಧಾನಕ್ಕೆ ಸೂಚ್ಯಂಕವಿಲ್ಲ. ಕೋಷ್ಟಕದಲ್ಲಿ ಒಂದು ಗೆರೆಯಾಗಿ ಕಾಣುವವಳು ತನ್ನ ಮನೆಯಲ್ಲಿ ಒಂದು ಪ್ರಪಂಚವನ್ನೇ ಹೊತ್ತಿರುತ್ತಾಳೆ. ಅದನ್ನು ಮರೆತ ಸಂಶೋಧಕ ಬರಿ ಗುಮಾಸ್ತ. ಹಾಗೆಯೇ, ಪಕ್ಕದವರ ಹಸಿವಿನ ಲೆಕ್ಕ ಇಡದವನ ದಾಸೋಹವೂ ಅರ್ಧದಲ್ಲೇ ನಿಲ್ಲುತ್ತದೆ ಎಂದು ನನಗೆ ಅನಿಸುತ್ತದೆ.

ನನ್ನ ಅಕ್ಕನ ಮಾತು ಹೇಳಿದೆನಲ್ಲ, ಅದನ್ನು ಅಷ್ಟಕ್ಕೇ ಬಿಟ್ಟರೆ ಈ ಉಪನ್ಯಾಸ ಮಾಡಲು ನನಗೆ ಹಕ್ಕಿರುವುದಿಲ್ಲ. ಹೋದ ವರ್ಷ ನನ್ನ ಪಾಲಿಗೆ ಬಂದ ಹೊಲದಲ್ಲಿ ಅವಳ ಭಾಗವನ್ನು ದಾನಪತ್ರ ಮಾಡಿ ಅವಳ ಹೆಸರಿಗೆ ಏರಿಸಿದೆ. ಹೊಸ ಉತಾರ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟಾಗ ಅವಳು ಓದಿದಳು. ಓದಲು ಬಾರದ ಹಾಗೆ ಬಹಳ ಹೊತ್ತು ಓದಿದಳು. ಆಮೇಲೆ "ತಮ್ಮಾ, ಉಂಡು ಹೋಗು" ಅಂದಳು. ಬಡಿಸಲು ಎದ್ದವಳನ್ನು ನಾನು ಕೂರಿಸಿದೆ. ಆವತ್ತು ಇಬ್ಬರೂ ಕೂಡೇ ಉಂಡೆವು.

ಈಗ ಪ್ರಸಾದಕ್ಕೆ ಏಳುವ ಹೊತ್ತಾಯಿತು. ಒಲೆಯ ಮುಂದಿರುವ ತಾಯಂದಿರನ್ನೂ ಹೊರಗೆ ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿ, ಇವತ್ತು ನಾವು ಬಡಿಸೋಣ ಎಂದು ಪೂಜ್ಯರಲ್ಲಿ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಗಂಡಸರು ದಯವಿಟ್ಟು ಕೈ ತೊಳೆದುಕೊಂಡು ಬನ್ನಿ.